ಚಂದ್ರಾಬಾಯಿಯ ಟೇಪು

ಮಲಪ್ರಭೆಯ ದಂಡೆಯ ಮೇಲೆ ಕರಬಸಯ್ಯನವರ ಆಶ್ರಮವಿತ್ತು.

ಆಶ್ರಮ ಅಂದರೆ ದೊಡ್ಡ ಮಾತಾಯಿತು. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ದನದ ಕೊಟ್ಟಿಗೆ, ಮುಂದೆ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅಲ್ಲಿ ನಾಲ್ಕೈದು ಮಂದಿ ಹಾಡು ಕಲಿಯುತ್ತಿದ್ದರು. ಗುರುಗಳನ್ನು ಎಲ್ಲರೂ ಅಜ್ಜಾರು ಎಂದು ಕರೆಯುತ್ತಿದ್ದರು.

ಅಲ್ಲೊಂದು ಪದ್ಧತಿಯಿತ್ತು. ಸೋಮವಾರ ಸಂಜೆ ಯಾರೂ ಹಾಡುವಂತಿಲ್ಲ. ತಂಬೂರಿಗೂ ಅಂದು ರಜೆ. ಎಲ್ಲರೂ ಮೆಟ್ಟಿಲ ಮೇಲೆ ಕುಳಿತು, ಸದ್ಯ ತಾವು ಏನು ಕೇಳುತ್ತಿದ್ದೇವೆ ಎಂದು ಒಬ್ಬೊಬ್ಬರಾಗಿ ಹೇಳಬೇಕು.

ರೇಡಿಯೋದಲ್ಲಿ ಕೇಳಿದ್ದಾದರೂ ಸರಿ, ಯಾರದೋ ಮನೆಯ ಟೇಪಿನಲ್ಲಿ ಕೇಳಿದ್ದಾದರೂ ಸರಿ. ಗುನುಗಿ ತೋರಿಸುವಂತಿಲ್ಲ. ಬರೀ ಮಾತಿನಲ್ಲಿ ಹೇಳಬೇಕು.

"ಬಾಯಿಗೆ ಹಾಡು ಕಲಸಬಹುದು," ಎನ್ನುತ್ತಿದ್ದರು ಅಜ್ಜಾರು. "ಕಿವಿಗೆ ಕಲಸೂದು ಭಾಳ ತ್ರಾಸು."

ಊರಿನಿಂದ ಕೆಲವರು ಇದಕ್ಕೆಂದೇ ಬರುತ್ತಿದ್ದರು. ಒಂದು ಸ್ವರ ಹಾಡಲು ಬಾರದವರು, ಆದರೆ ಹಾಡಿನ ಹುಚ್ಚು ಹಿಡಿದವರು. ಟೇಲರ್ ದಸ್ತಗೀರ ಅಂಥವರಲ್ಲಿ ಮೊದಲಿಗ. ಹೊಲಿಗೆ ಮಷೀನಿನ ಪಕ್ಕದಲ್ಲೇ ಅವನ ರೇಡಿಯೋ ಇರುತ್ತಿತ್ತು. ಒಳ್ಳೆಯ ಹಾಡು ಬಂದ ದಿನ ಊರಿನವರ ಅಂಗಿಯ ತೋಳು ಹಿಂದುಮುಂದಾಗುತ್ತಿದ್ದವು. ಯಾರಾದರೂ ಜಗಳಕ್ಕೆ ಬಂದರೆ ಆ ಹಾಡಿನ ವರ್ಣನೆ ಮಾಡಿ ಕಳಿಸುತ್ತಿದ್ದ.

ಅಡುಗೆಯ ನೀಲವ್ವನೂ ಬಂದು ಕೂರುತ್ತಿದ್ದಳು.

"ಮ್ಯಾಲಿನ ಓಣಿ ಗಂಗವ್ವ ಮೊಮ್ಮಗಗ ಜೋಗುಳ ಹಾಡ್ತಾಳ್ರಿ," ಎಂದು ಒಂದು ವಾರ ಹೇಳಿದ್ದಳು. "ಕೂಸು ಮಲಗಿದ ಮ್ಯಾಲೂ ಬಿಡೂದಿಲ್ಲ. ಆಮ್ಯಾಲೆ ಹಾಡ್ತಾಳಲ್ಲ, ಅದನ್ನ ಕೇಳಾಕತ್ತೀನಿ."

ಅಜ್ಜಾರು ಆ ಮಾತಿಗೆ ಎರಡು ದಿನ ತಲೆದೂಗಿದ್ದರು.

ಪೇಟಿ ಬಾರಿಸುವ ಬಾಳಪ್ಪನದು ಮಾತ್ರ ಪ್ರತಿ ಸೋಮವಾರ ಒಂದೇ ಉತ್ತರ. ಪೇಟಿ ಅಂದರೆ ಹಾರ್ಮೋನಿಯಂ. ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ.

"ನಾ ಏನ ಕೇಳಲಿರಿ? ದಿನಾ ಇಲ್ಲೇ ಕುಂತು ಸಾಥ್ ಕೊಡತೀನಿ. ಇಲ್ಲಿ ಹಾಡಿದ್ದನ್ನ ಕೇಳತೀನಿ."

ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ.

ಇನ್ನು ಫಕೀರೇಶ. ಇಪ್ಪತ್ತೆಂಟರ ಹರೆಯ. ಎಂಟು ವರ್ಷದಿಂದ ಅಜ್ಜಾರ ಹತ್ತಿರ ಇದ್ದವನು. ಆಶ್ರಮದಲ್ಲಿ ಅವನಷ್ಟು ಒಳ್ಳೆಯ ಕಂಠ ಇನ್ನೊಬ್ಬರಿಗಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅವನಿಗೆ ಗೊತ್ತಿತ್ತು.

ಆ ವರ್ಷ ಸೋದರಮಾವ ಅವನಿಗೊಂದು ಟೇಪ್ ರೆಕಾರ್ಡರ್ ಕೊಟ್ಟಿದ್ದ. ಒಂದು ಬೆಳಗಿನ ರಿಯಾಜಿನಲ್ಲಿ ಫಕೀರೇಶ ಅದನ್ನು ಎದುರಿಗಿಟ್ಟುಕೊಂಡು ಅರ್ಧ ತಾಸು ತೋಡಿ ರಾಗ ಹಾಡಿದ. ಬಾಳಪ್ಪ ಎಂದಿನಂತೆ ಪೇಟಿಗೆ ಕುಳಿತಿದ್ದ.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಫಕೀರೇಶ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದ. ದನಿ ಸಣ್ಣದು ಮಾಡಿ ತನ್ನ ಹಾಡನ್ನು ತಾನೇ ಕೇಳುತ್ತಿದ್ದ. ಒಂದು ಸಲ, ಐದು ಸಲ, ಮೂವತ್ತು ಸಲ.

ಅದರಲ್ಲಿ ಒಂದು ಜಾಗ ಅವನಿಗೆ ಬಹಳ ಇಷ್ಟ. ಮೇಲಿನ ಷಡ್ಜಕ್ಕೆ ಏರುವ ಮೊದಲು ನಿಷಾದದ ಮೇಲೆ ಒಂದು ಗಳಿಗೆ ನಿಂತಿದ್ದ. ಎಷ್ಟು ಚಂದದ ನಿಲುಗಡೆ! ಅಲ್ಲಿಗೆ ಬಂದಾಗಲೆಲ್ಲ ಫಕೀರೇಶ ಕಣ್ಣು ಮುಚ್ಚಿ, "ಶಾಭಾಸ್," ಎಂದುಕೊಳ್ಳುತ್ತಿದ್ದ.

ತನಗೆ ತಾನೇ ಅಂದುಕೊಳ್ಳಬೇಕಾಗಿತ್ತು. ಅಜ್ಜಾರು ಎಂಟು ವರ್ಷದಲ್ಲಿ ಒಮ್ಮೆಯೂ ಆ ಮಾತು ಅಂದಿರಲಿಲ್ಲ.

ಒಂದು ಸೋಮವಾರ ಅವನ ಸರದಿ ಬಂತು.

"ನೀ ಏನ ಕೇಳಾಕತ್ತಿ, ಫಕೀರೇಶಾ?"

ತಿಂಗಳಿಂದ ಫಕೀರೇಶ ಬೇರೆ ಏನನ್ನೂ ಕಿವಿಗೊಟ್ಟು ಕೇಳಿರಲಿಲ್ಲ, ಹಿಂದಿನ ಸೋಮವಾರಗಳಲ್ಲಿ ಹಳೆಯದನ್ನೇ ಏನೋ ಹೇಳಿ ಸಾಗಿಸಿದ್ದ. ನನ್ನ ಹಾಡನ್ನೇ ನಾನು ಕೇಳುತ್ತಿದ್ದೇನೆ ಅಂದರೆ ನೀಲವ್ವ ಕೂಡ ಸೆರಗು ಬಾಯಿಗಿಟ್ಟು ನಗುತ್ತಾಳೆ. ಏನಾದರೂ ಹೇಳಬೇಕಲ್ಲ.

"ಹಲಗಲಿ ಚಂದ್ರಾಬಾಯಿ ಅವರದ್ರಿ," ಎಂದುಬಿಟ್ಟ.

ದಸ್ತಗೀರ ಕೂತಲ್ಲಿಂದ ಎದ್ದ.

ಏಳದೆ ಏನು ಮಾಡುತ್ತಾನೆ? ಚಂದ್ರಾಬಾಯಿ ಆ ಸೀಮೆಯಲ್ಲಿ ಹೆಸರಾದ ಹಾಡುಗಾರ್ತಿ. ರೆಕಾರ್ಡಿಂಗ್ ಮಷೀನಿನ ಮುಂದೆ ಹಾಡುವುದಿಲ್ಲ ಎಂದು ಹಟ ಹಿಡಿದಾಕೆ. ಹಾಗೇ ತೀರಿಕೊಂಡಳು. ಅವಳ ಒಂದು ದನಿಯೂ ಎಲ್ಲೂ ಉಳಿದಿಲ್ಲ ಎಂದು ಅಜ್ಜಾರೇ ಎಷ್ಟೋ ಸಲ ಹೇಳಿದ್ದರು.

"ಚಂದ್ರಾಬಾಯಿದು ಟೇಪು ಐತೇನೋ? ಎಲ್ಲಿ ಸಿಕ್ತೋ ಮಾರಾಯಾ?"

"ಒಬ್ಬರ ಹಂತೇಲಿ ಇತ್ತು. ಕೇಳಾಕ ಕೊಟ್ಟಾರ."

"ಯಾವ ರಾಗ?"

"ತೋಡಿ."

ಇಷ್ಟಕ್ಕೆ ನಿಲ್ಲಿಸಿದ್ದರೆ ಬದುಕುತ್ತಿದ್ದನೋ ಏನೋ. ಆದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಷ್ಟು ಜನ ಅವನ ಮಾತಿಗಾಗಿ ಕಾಯುವುದು ಅವನಿಗೆ ಹಿತವಾಗಿತ್ತು.

ಚಂದ್ರಾಬಾಯಿ ಉಸಿರು ತೆಗೆದುಕೊಳ್ಳುವುದು ಸಹಿತ ಕೇಳಿಸುತ್ತದೆ ಎಂದ. ಹೊರಗೆ ಎಲ್ಲೋ ಚಕ್ಕಡಿ ಹೋದ ಸಪ್ಪಳ ಇದೆ ಎಂದ. ನಿಷಾದದ ಮೇಲೆ ಹೇಗೆ ನಿಲ್ಲುತ್ತಾಳೆ ಎಂಬುದನ್ನು ಬಣ್ಣಿಸುವಾಗಂತೂ ಅವನ ಕಣ್ಣಲ್ಲೇ ನೀರು ಬಂತು.

"ಕಡೀಕ ಪೇಟಿ ಬಾರಸಾವರಿಗೆ, 'ಶಾಭಾಸ್ ಮೌಲಾ' ಅಂತಾರ್ರಿ. ಭಾಳ ಪ್ರೀತೀಲೆ ಅಂತಾರ."

ಚಂದ್ರಾಬಾಯಿಗೆ ಮೌಲಾಸಾಬ ಎಂಬಾತ ಪೇಟಿ ಬಾರಿಸುತ್ತಿದ್ದ ಎಂದು ಅಜ್ಜಾರು ಯಾವಾಗಲೋ ಹೇಳಿದ್ದು ಅವನಿಗೆ ನೆನಪಿತ್ತು. ಆ ಮನುಷ್ಯ ಸತ್ತು ಎಷ್ಟು ಕಾಲವಾಯಿತೋ ಎಂದುಕೊಂಡಿದ್ದ.

ಅಜ್ಜಾರು ಹೊಳೆ ನೋಡುತ್ತಿದ್ದರು.

"ಶಾಭಾಸ್ ಅಂದ್ಲಾ?"

"ಹೂನ್ರಿ ಅಜ್ಜಾರ."

"ಹೌದಾ," ಎಂದರು ಅಜ್ಜಾರು. ಮತ್ತೇನೂ ಕೇಳಲಿಲ್ಲ.

ಮುಂದಿನ ಸೋಮವಾರ ಎಂದೂ ಬಾರದವರೂ ಬಂದರು. ಮೆಟ್ಟಿಲು ತುಂಬಿತು. ಚಂದ್ರಾಬಾಯಿಯ ಟೇಪು ಕೇಳಬೇಕು ಎಲ್ಲರಿಗೂ.

"ಮಷೀನಿನಾಗ ಸಿಕ್ಕೊಂಡೈತ್ರಿ," ಎಂದ ಫಕೀರೇಶ. "ಬಿಡಿಸಾಕ ಹೋದ್ರ ಹರೀತೈತಿ."

ಜನ ಅಯ್ಯೋ ಎಂದರು. ಅಜ್ಜಾರು ಅನ್ನಲಿಲ್ಲ.

"ಎಷ್ಟೊತ್ತಿನ ಹಾಡೋ ಅದು?"

"ಅರ್ಧಾ ತಾಸ್ರಿ."

"ಹಂಗಾರ ಅರ್ಧಾ ತಾಸು ಸುಮ್ಮ ಕುಂದ್ರೂಣು," ಎಂದರು ಅಜ್ಜಾರು. "ಟೇಪು ಇದ್ದಿದ್ರ ಅಷ್ಟೊತ್ತು ಕುಂದರ್ತಿದ್ವಿಲ್ಲೋ? ಈಗೂ ಕುಂದ್ರೂಣು. ಫಕೀರೇಶ ಹ್ಯಾಂಗ ಹೇಳ್ಯಾನ, ಹಂಗ ಮನಸಿನಾಗ ಕೇಳ್ರಿ."

ಎಲ್ಲರೂ ಕುಳಿತರು.

ಅರ್ಧ ತಾಸು ಎಷ್ಟು ಉದ್ದವಿರುತ್ತದೆ ಎಂಬುದು ಫಕೀರೇಶನಿಗೆ ಅಂದು ತಿಳಿಯಿತು. ನೀಲವ್ವ ಕೈಮುಗಿದು ಕುಳಿತಿದ್ದಳು. ದಸ್ತಗೀರ ಕಣ್ಣು ಮುಚ್ಚಿ ತಲೆದೂಗುತ್ತಿದ್ದ, ನಡುವೆ ಒಮ್ಮೆ ತೊಡೆ ತಟ್ಟಿದ. ಇಲ್ಲದ ಹಾಡಿಗೆ ಇಷ್ಟು ಜನ ಭಕ್ತಿಯಿಂದ ಕುಳಿತಿದ್ದಾರೆ, ಅದೂ ತನ್ನ ಮಾತು ನಂಬಿ. ಫಕೀರೇಶನ ಕಿವಿ ಕಾದ ಹೆಂಚಾಗಿದ್ದವು. ನಾಚಿಕೆಯಿಂದ ಸತ್ತುಹೋಗಬಾರದೇ ಅನ್ನಿಸಿತು.

"ಖರೇನ ಕೇಳಿದಂಗಾತ್ರಿ ಅಜ್ಜಾರ," ಎಂದ ದಸ್ತಗೀರ, ಎದ್ದು ಕಣ್ಣೊರೆಸಿಕೊಳ್ಳುತ್ತ.

ಜನ ಹೋದ ಮೇಲೆ ಫಕೀರೇಶ ಅಜ್ಜಾರ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಅವರು ತಂಬೂರಿಗೆ ಗವಸು ತೊಡಿಸುತ್ತಿದ್ದರು.

"ಏನು?"

ಹೇಳಿಬಿಡಬೇಕು ಎಂದೇ ಬಂದಿದ್ದ.

"ಏನಿಲ್ರಿ."

"ಏನಿಲ್ಲಂದ್ರ ಹೋಗು."

ಹೋದ. ಹೋಗಬಾರದಿತ್ತು.

ಇತ್ತ ದಸ್ತಗೀರ ಅಷ್ಟರಲ್ಲಿ ತಂಗಿಯ ಊರಿಗೆ ಮದುವೆಗೆ ಹೋಗಿಬಂದಿದ್ದ. ಇಂಥ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜೀವ ಅಲ್ಲ ಅದು. ಮದುವೆಮನೆಯ ತುಂಬ ಹೇಳಿಕೊಂಡು ತಿರುಗಿದ.

ಮೂರನೇ ಸೋಮವಾರ, ಇಷ್ಟರಲ್ಲಿ ಟೇಪು ಬಿಡಿಸಿರುತ್ತಾರೆ ಎಂಬ ನಂಬಿಕೆಯಿಂದ, ಆ ಊರಿನ ಒಬ್ಬ ಮುದುಕನನ್ನು ಕರೆದುಕೊಂಡು ಬಂದ. ಎಂಬತ್ತರ ಹತ್ತಿರದ ವಯಸ್ಸು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಕೋಲು. ಎರಡು ಬಸ್ಸು ಬದಲಿಸಿ ಬಂದಿದ್ದ. ಅತ್ತರಿನ ವಾಸನೆ ಬರುತ್ತಿತ್ತು. ಹಬ್ಬಕ್ಕೆ ಹೊರಟವರ ಹಾಗೆ ತಯಾರಾಗಿ ಬಂದಿದ್ದ ಪಾಪ.

"ಅಜ್ಜಾರ, ಇವರು ಯಾರು ಹೇಳ್ರಿ ನೋಡೂಣು!" ದಸ್ತಗೀರನ ಮುಖ ಅರಳಿತ್ತು. "ಮೌಲಾಸಾಬರು! ಚಂದ್ರಾಬಾಯಿ ಪೇಟಿ ಮಾಸ್ತರು!"

ಫಕೀರೇಶ ಒಂದು ಮೆಟ್ಟಿಲು ಹಿಂದೆ ಸರಿದ.

ಅಜ್ಜಾರು ಎದ್ದು ಹೋಗಿ ಮುದುಕನ ಕೈ ಹಿಡಿದು ಕರೆತಂದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.

"ಈ ಕಡಿ ಕಿವಿ ಸತ್ತೈತ್ರಿ," ಎಂದ ಮೌಲಾಸಾಬ, ಎಡಗಿವಿ ತೋರಿಸಿ. "ಬಲಗಡಿದೂ ಇನ್ನೇನು ಹೊಂಟೈತಿ. ಅದು ಹೋಗೂದರೊಳಗ ಕೇಳಿಬಿಡೂಣು ಅಂತ ಬಂದೆ. ಯಾವಾತ ತಮ್ಮ, ಟೇಪು ಇದ್ದಾತ?"

ದಸ್ತಗೀರ ಬೆರಳು ತೋರಿಸಿದ. ಮುದುಕ ಫಕೀರೇಶನನ್ನು ಹತ್ತಿರ ಕರೆದು, ಅವನ ಎರಡೂ ಕೈ ಹಿಡಿದುಕೊಂಡ.

"ಹನ್ನೊಂದು ವರ್ಷ ಚಂದ್ರಕ್ಕನ ಬಾಜು ಕುಂತೀನಿ, ತಮ್ಮಾ. ಆಕಿ ಉಸರಿನ ಲೆಕ್ಕ ನನಗ ಗೊತ್ತಿತ್ತು. ಯಾವಾಗ ಏರತಾಳ, ಯಾವಾಗ ನಿಂದರತಾಳ, ಆಕಿಗಿಂತ ಮೊದಲ ನನ್ನ ಬೆರಳಿಗೆ ತಿಳೀತಿತ್ತು. ಆದ್ರ ಹನ್ನೊಂದು ವರ್ಷದಾಗ ಒಂದ ದಿನ ಛೊಲೊ ಬಾರಿಸಿದಿ ಅನ್ನಲಿಲ್ಲ. ಬೈದಿದ್ರೂ ನಡೀತಿತ್ತು. ಅದೂ ಇಲ್ಲ."

"ಆಮ್ಯಾಲೆ?" ಎಂದಳು ನೀಲವ್ವ.

"ಸಿಟ್ಟು ಬಂತವಾ. ಒಂದಿನ ಪೇಟಿ ಹೊತ್ಕೊಂಡು ಎದ್ದು ಬಂದೆ. ಹೇಳಲಿಲ್ಲ, ಕೇಳಲಿಲ್ಲ. ಆರು ವರ್ಷಕ್ಕ ಆಕಿ ಹೋಗಿಬಿಟ್ಲು. ಮಣ್ಣಿಗೂ ಹೋಗಲಿಲ್ಲ ನಾ. ಆಕಿಗೆ ನನ್ನ ಕಿಮ್ಮತ್ತು ಇರಲಿಲ್ಲ, ನಾ ಯಾಕ ಹೋಗಲಿ ಅಂತ ಕುಂತೆ."

ಆತ ಫಕೀರೇಶನ ಕೈ ಅದುಮಿದ.

"ಈಗ ಈ ಟೇಲರು ಬಂದು ಹೇಳತಾನ, ಟೇಪಿನಾಗ ಚಂದ್ರಕ್ಕ 'ಶಾಭಾಸ್ ಮೌಲಾ' ಅಂದಾಳ ಅಂತ. ಯಾವತ್ತಿಂದೋ ಏನೋ, ಪೇಟಿ ಗದ್ದಲದಾಗ ನನಗ ಕೇಳಿಸಿಲ್ಲ. ಅಂದಾಳ ಅಂದ ಮ್ಯಾಲ ತಪ್ಪು ನಂದ ಆತಲ್ಲ. ಆಗಲಿ. ನಂದ ತಪ್ಪು ಅನಿಸಿದ್ದು ಇಷ್ಟು ಹಗುರ ಇರತೈತಿ ಅಂತ ಗೊತ್ತಿರಲಿಲ್ಲ ತಮ್ಮಾ. ಹಚ್ಚು, ಟೇಪು ಹಚ್ಚು."

ಫಕೀರೇಶ ನೆಲ ನೋಡಿದ.

"ಟೇಪು ಹರೀತ್ರಿ, ಕಾಕಾ."

ಇದು ಎಷ್ಟನೆಯ ಸುಳ್ಳೋ, ಅವನಿಗೇ ಗೊತ್ತಿರಲಿಲ್ಲ. ಮುದುಕ ಹೊಳೆಯ ಕಡೆ ನೋಡಿದ. ಆಮೇಲೆ ನಕ್ಕ.

"ಹರೀಲಿ ಬಿಡು. ನೀ ಕೇಳೀಯಲ್ಲ, ಸಾಕು. ಹಾಡೋ ಮನಷ್ಯಾನ ಕಿವಿ ನಿಂದು. ಹೇಳು, ಹ್ಯಾಂಗ ಅಂದ್ಲು? ನಕ್ಕೋತ ಅಂದ್ಲಾ? ಹಾಡು ಮುಗದ ಮ್ಯಾಲ ಅಂದ್ಲಾ, ನಡುವ ಅಂದ್ಲಾ?"

ಹೀಗೆ ಕೇಳಿ, ಆತ ಬಲಗಿವಿಯನ್ನು ಫಕೀರೇಶನ ಬಾಯಿಯ ಹತ್ತಿರ ತಂದ. ಕೈಯನ್ನು ಕಿವಿಗೆ ಅಡ್ಡ ಹಿಡಿದು ಕಾದು ಕುಳಿತ.

ಇನ್ನೊಂದೇ ಒಂದು ಸುಳ್ಳು ಸಾಕಾಗಿತ್ತು. ನಕ್ಕೋತ ಅಂದ್ರು ಕಾಕಾ, ಎಂದಿದ್ದರೆ ಮುಗಿದುಹೋಗುತ್ತಿತ್ತು. ಮುದುಕ ಸಂತೋಷದಿಂದ ಬಸ್ಸು ಹತ್ತುತ್ತಿದ್ದ. ಫಕೀರೇಶನ ಮಾನವೂ ಉಳಿಯುತ್ತಿತ್ತು. ಯಾರಿಗೇನು ನಷ್ಟ?

ಅವನು ಅಜ್ಜಾರ ಕಡೆ ನೋಡಿದ. ಅಜ್ಜಾರು ಇವನ ಕಡೆ ನೋಡಲಿಲ್ಲ.

ಕಿವಿ ಹಾಗೇ ಕಾಯುತ್ತಿತ್ತು. ಅದರ ಮೇಲೆ ಬೆಳೆದ ಬಿಳಿ ಕೂದಲು, ಒಳಗಿಟ್ಟ ಅತ್ತರಿನ ಹತ್ತಿ, ಎಲ್ಲ ಫಕೀರೇಶನಿಗೆ ಕಾಣುತ್ತಿತ್ತು. ಹೋಗಲಿರುವ ಕಿವಿ. ಅದರಲ್ಲಿ ಹಾಕಿದ್ದು ಕೊನೆತನಕ ಅಲ್ಲೇ ಉಳಿಯುತ್ತದೆ.

ಅವನಿಂದ ಆಗಲಿಲ್ಲ.

"ಆ ಟೇಪ ಇಲ್ರಿ ಕಾಕಾ," ಎಂದ. "ಎಂದೂ ಇರಲಿಲ್ಲ. ನಾ ಸುಳ್ಳ ಹೇಳೀನಿ."

ಮುದುಕನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಎಲ್ಲರ ಮುಂದೆ, ಎರಡೆರಡು ಸಲ.

"ಚಂದ್ರಾಬಾಯಿ ಅವರ ದನಿ ನಾ ಕೇಳಿಲ್ಲ. ನನ್ನ ಹಾಡು ನಾನ ತುಂಬ್ಕೊಂಡು, ಬಾಗಲಾ ಹಾಕ್ಕೊಂಡು ದಿನಾ ಅದನ್ನ ಕೇಳತಿದ್ದೆ. ಹಂಗಂತ ಹೇಳಾಕ ನಾಚಿಕಿ ಆತು. ಅದಕ್ಕ ಅವರ ಹೆಸರು ಹೇಳಿದೆ."

ದಸ್ತಗೀರ ಎದ್ದು ನಿಂತ.

"ಇವರನ್ನ ನಾ ಕರಕೊಂಡ ಬಂದೀನಲ್ಲೋ! ಎರಡ ಬಸ್ ಹತ್ತಿಸಿ, ಕೈ ಹಿಡದು! ಸುಮ್ಮ ಕುಂತು ಅರ್ಧಾ ತಾಸು ತಲಿ ದೂಗೀನಲ್ಲೋ ನಾ, ಹುಚ್ಚನಂಗ!"

ಫಕೀರೇಶ ತಲೆ ಎತ್ತಲಿಲ್ಲ. ಎತ್ತಲು ಅವನಲ್ಲಿ ತಲೆ ಇದ್ದಂತೆಯೇ ಇರಲಿಲ್ಲ.

ಮೌಲಾಸಾಬ ಕಿವಿಯಿಂದ ಕೈ ತೆಗೆದ.

"ಹತ್ತು ದಿನ ಛೊಲೊ ನಿದ್ದಿ ಬಂದಿತ್ತು ತಮ್ಮಾ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಫಕೀರೇಶ ಹೇಗೋ ತಾಳಿಕೊಳ್ಳುತ್ತಿದ್ದ.

ಆಗ ಅಜ್ಜಾರು ಬಾಯಿ ಬಿಟ್ಟರು.

"ನನಗ ಮೊದಲನೇ ದಿನಾನ ಗೊತ್ತಾಗಿತ್ತು, ಮೌಲಾಸಾಬರ. ಇವನ ಕೋಣಿಯಿಂದ ಇವನ ದನಿ ಬರೂದು ನನಗ ಕೇಳತಿತ್ತು. ಆದ್ರೂ ನಾ ಬಾಯಿ ಬಿಡಲಿಲ್ಲ."

"ಯಾಕ್ರಿ?" ಎಂದ ದಸ್ತಗೀರ. ಅಜ್ಜಾರನ್ನು ಅಷ್ಟು ಒರಟಾಗಿ ಅವನು ಎಂದೂ ಕೇಳಿದವನಲ್ಲ.

"ತಾನಾಗೇ ಹೇಳಲಿ ಅಂತ ಕಾಯ್ದೆ. ಅದು ಒಂದು. ಇನ್ನೊಂದು..." ಅಜ್ಜಾರು ಮೀಸೆ ಸವರಿಕೊಂಡರು. "ಅಂಥಾದ್ದೊಂದು ಟೇಪು ಇದ್ದಿದ್ರ ಏನ ಛೊಲೊ ಇತ್ತು ಅಂತ ನನಗೂ ಅನಿಸಿತ್ತು. ಸುಮ್ಮ ಕುಂತಾಗ ನಾನೂ ಆಕಿ ದನಿ ಹುಡುಕಿದೆ. ಇದ್ರಾಗ ನಂದೂ ಪಾಲ ಐತಿ."

ನೀಲವ್ವ ಒಳಗೆ ಹೋಗಿ ಮುದುಕನಿಗೆ ನೀರು ತಂದಳು. ಆತ ಕುಡಿದು ಬಾಯಿ ಒರೆಸಿಕೊಂಡ. ಏಳುತ್ತಾನೆ, ಹೊರಟುಬಿಡುತ್ತಾನೆ ಎಂದು ಎಲ್ಲರೂ ಅಂದುಕೊಂಡರು.

"ಇದ್ದ ಟೇಪು ಯಾವುದೈತಿ, ಅದನ್ನ ಹಚ್ಚು," ಎಂದ ಮೌಲಾಸಾಬ.

"ಬ್ಯಾಡ್ರಿ ಕಾಕಾ. ಅದು ನಂದು."

"ಇಷ್ಟು ದೂರ ಬಂದೀನಿ. ಏನರೆ ಕೇಳಿ ಹೋಗತೀನಿ."

"ಕಾಕಾ, ನಿಮ್ಮ ಕಾಲ ಬೀಳತೀನಿ..."

"ಹಚ್ಚು," ಎಂದರು ಅಜ್ಜಾರು.

ಫಕೀರೇಶ ಕೋಣೆಗೆ ಹೋಗಿ ಮಷೀನು ತಂದ. ಬಟನ್ ಒತ್ತಿದ. ಮೂವತ್ತು ಸಲ ಮುದ್ದಿನಿಂದ ಕೇಳಿದ್ದ ದನಿ ಹೊಳೆಯ ದಂಡೆಯ ಮೇಲೆ ಎಲ್ಲರ ನಡುವೆ ಎದ್ದಿತು. ಅವನಿಗೆ ಅದನ್ನು ಕೇಳಲಾಗಲಿಲ್ಲ. ಪ್ರತಿ ಆಲಾಪದಲ್ಲೂ ತನ್ನ ಬಡಿವಾರವೇ ಕೇಳಿಸುತ್ತಿತ್ತು.

ಮೌಲಾಸಾಬ ಬಲಗಿವಿಯನ್ನು ಮಷೀನಿಗೆ ಹತ್ತಿಸಿ ಕುಳಿತ. ಕೇಳುತ್ತ ಕೇಳುತ್ತ ಆತನ ಬೆರಳುಗಳು ಮೊಣಕಾಲಿನ ಮೇಲೆ ಆಡತೊಡಗಿದವು. ಎಷ್ಟೋ ಹೊತ್ತು ಆಡಿದವು. ಒಂದು ಕಡೆ ಗಕ್ಕನೆ ನಿಂತವು.

"ಹಿಂದಕ್ಕ ತಗೋ. ಇನ್ನೊಮ್ಮೆ ಹಚ್ಚು."

ಫಕೀರೇಶ ಹಿಂದಕ್ಕೆ ತಿರುಗಿಸಿ ಹಚ್ಚಿದ.

"ಮತ್ತೊಮ್ಮೆ."

ಅದೇ ಜಾಗ. ಷಡ್ಜಕ್ಕೆ ಏರುವ ಮೊದಲು ನಿಷಾದದ ಮೇಲೆ ನಿಂತ ಜಾಗ.

"ಇಲ್ಲಿ ನೀ ಬಿದ್ದೀದಿ," ಎಂದ ಮೌಲಾಸಾಬ.

ಫಕೀರೇಶ ಬೆಚ್ಚಿ ನೋಡಿದ.

"ಮ್ಯಾಲ ಹೋಗಾಕ ಹ್ವಾದಿ, ಉಸರು ಸಾಲಲಿಲ್ಲ. ಸಿಕ್ಕೊಂಡು ನಿಂತಿ. ಪೇಟಿಯಾತ ಷಡ್ಜ ಒತ್ತಿದ್ದಂದ್ರ ನಿನ್ನ ಬಣ್ಣ ಅಲ್ಲೇ ಬಯಲಾಗತಿತ್ತು. ಆತ ಒತ್ತಲಿಲ್ಲ. ನೀ ನಿಂತ ಸ್ವರಾನ ಮೆಲ್ಲಕ ಹಿಡಕೊಂಡು, ನಿನಗ ಉಸರು ಬರೂತನಕಾ ಕಾಯ್ದ. ಕೇಳಾವರಿಗೆ ನೀ ಬೇಕಂತ ನಿಂತಂಗ ಅನಸತೈತಿ. ನಿನಗ ಇದು ಕೇಳಿಲ್ಲೇನು?"

ಕೇಳಿರಲಿಲ್ಲ. ಮೂವತ್ತು ಸಲ ಕೇಳಿದ್ದ ಟೇಪಿನಲ್ಲಿ ಪೇಟಿ ಇದೆ ಎಂಬುದೇ ಅವನಿಗೆ ಕೇಳಿರಲಿಲ್ಲ. ಅಂದು ಬೆಳಿಗ್ಗೆ ಉಸಿರು ಸಾಲದೆ ಒದ್ದಾಡಿದ್ದು ಈಗ ನೆನಪಾಯಿತು. ಅದನ್ನೇ ಕಲೆ ಎಂದುಕೊಂಡು ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಿದ್ದನಲ್ಲ! ಅದನ್ನೇ ಚಂದ್ರಾಬಾಯಿಯ ತಲೆಗೆ ಕಟ್ಟಿ ಜನರ ಕಣ್ಣಲ್ಲಿ ನೀರು ತರಿಸಿದ್ದನಲ್ಲ! ಸುಳ್ಳು ಹೇಳಿದ್ದಕ್ಕಿಂತ ಇದು ಹೆಚ್ಚು ಸುಟ್ಟಿತು.

"ಯಾರದು ಪೇಟಿ?"

ಎಲ್ಲರೂ ಕೆಳಗಿನ ಮೆಟ್ಟಿಲಿನ ಕಡೆ ನೋಡಿದರು. ಬಾಳಪ್ಪ ಅಲ್ಲಿ ಕುಳಿತು ಕಾಲು ನೀರಿಗೆ ಬಿಟ್ಟಿದ್ದ.

"ನಂದ್ರಿ," ಎಂದ.

"ಎಷ್ಟು ವರ್ಷಾತು ಇವನ ಬಾಜು ಕುಂತು?"

"ಎಂಟಾತ್ರಿ."

"ಹಿಂಗ ಎಷ್ಟ ಸಲ ಹಿಡದೀ ಇವನ್ನ?"

ಬಾಳಪ್ಪ ನಾಚಿಕೊಂಡ. "ಅದನ್ನೆಲ್ಲಾ ಯಾರ ಎಣಸತಾರ್ರಿ. ಹಾಡಾವರ ಅಂದ ಮ್ಯಾಲ ಒಮ್ಮೊಮ್ಮಿ ಆಗತೈತಿ."

"ಏನರೆ ಅಂದಾನೇನು ನಿನಗ?"

"ಏನ ಅನಬೇಕ್ರಿ? ಅವರ ಪಾಡಿಗೆ ಅವರು ಹಾಡತಾರ, ನನ್ನ ಪಾಡಿಗೆ ನಾ ಬಾರಸತೀನಿ."

ಮುದುಕ ಮೆಲ್ಲಗೆ ತಲೆ ಆಡಿಸಿದ.

"ನಾನೂ ಹನ್ನೊಂದು ವರ್ಷ ಹಿಂಗ ಅನಕೋತ ಕುಂತಿದ್ದೆ," ಎಂದ.

ಬಾಳಪ್ಪನ ನಗು ನಿಂತಿತು. ಅವನು ಮುಖ ತಿರುಗಿಸಿ ಹೊಳೆ ನೋಡತೊಡಗಿದ. ಅವನ ಕತ್ತಿನ ಹಿಂಭಾಗ ಮಾತ್ರ ಫಕೀರೇಶನಿಗೆ ಕಾಣುತ್ತಿತ್ತು. ಎಂಟು ವರ್ಷ ಮಗ್ಗುಲಲ್ಲೇ ಕೂತಿದ್ದ ಮನುಷ್ಯ. ಅವನಿಗೂ ಬೇಕಿತ್ತು. ತನಗೆ ಬೇಕಿದ್ದ ಹಾಗೇ ಅವನಿಗೂ ಒಂದು ಶಾಭಾಸ್ ಬೇಕಿತ್ತು.

ಫಕೀರೇಶ ಎದ್ದು ನಾಲ್ಕು ಮೆಟ್ಟಿಲು ಇಳಿದ. ಬಾಳಪ್ಪನ ಹಿಂದೆ ಹೋಗಿ ನಿಂತ. ಬಾಯಿ ತೆರೆದ. ಮತ್ತೆ ಮುಚ್ಚಿದ.

ಈಗ ಏನು ಅಂದರೂ ಸಿಕ್ಕಿಬಿದ್ದ ಕಳ್ಳನ ಮಾತೇ ಅಲ್ಲವೇ? ಎಲ್ಲರ ಮುಂದೆ ಮಾನ ಹೋದ ಮೇಲೆ ಅನ್ನುವ ಮಾತು. ಬಾಳಪ್ಪ ಅದನ್ನು ಯಾಕೆ ತೆಗೆದುಕೊಳ್ಳಬೇಕು?

ಫಕೀರೇಶ ಅಲ್ಲಿಂದಲೇ ಹಿಂದಿರುಗಿ ನೋಡಿದ. ಅವನ ಕಣ್ಣು ತುಂಬಿದ್ದವು.

"ಅಜ್ಜಾರ, ಇಷ್ಟು ವರ್ಷ ಬಿಟ್ಟು ಈಗ ಶಾಭಾಸ್ ಅಂದ್ರ, ಅದಕ್ಕ ಏನರೆ ಕಿಮ್ಮತ್ತು ಇರತೈತೇನ್ರಿ?"

ಅಜ್ಜಾರು ಮೊದಲು ಮೌಲಾಸಾಬನ ಮುಖ ನೋಡಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ಈ ಪ್ರಶ್ನೆ ಯಾರನ್ನರೆ ಕೇಳಬೇಕು ಅಂತ ಚಂದ್ರಾಬಾಯಿಗೂ ಅನಿಸಿತ್ತೇನೋ ತಮ್ಮಾ. ಕೇಳಾಕ ಯಾರೂ ಸಿಕ್ಕಿರಲಿಕ್ಕಿಲ್ಲ."